ಬೋಸಿಯೆಟ್ ಮುಗಿಯುವ ಮುನ್ನ

ರಿಗ್‌ನಿಂದ ರಜೆಗೆ ಬಂದವರ ಮೊದಲ ವಾರ ಮದುವೆ, ಕೋಲ, ನೆಂಟರ ಮನೆ, ಬ್ಯಾಂಕು ಅಂತ ಹೋಗಿಬಿಡುತ್ತದೆ. ಎರಡನೆಯ ವಾರ ಮಾಡಿನ ಹಂಚು, ಬಾವಿಯ ಪಂಪು. ಮೂರನೆಯ ವಾರ ಕಂಪನಿಯಿಂದ ಮೇಲ್ ಬರುತ್ತದೆ, ಸರ್ಟಿಫಿಕೇಟುಗಳ ಪ್ರತಿ ಕಳಿಸಿ ಎಂದು. ಫೈಲು ತೆಗೆದು ನೋಡಿದರೆ ಸಮುದ್ರದ ತೈಲ ಕೆಲಸಕ್ಕೆ ಬೇಕೇ ಬೇಕಾದ ಬೋಸಿಯೆಟ್ ಎಂಬ ಸುರಕ್ಷತಾ ತರಬೇತಿಯ ಸರ್ಟಿಫಿಕೇಟು ಮುಗಿಯಲು ಹನ್ನೊಂದೇ ದಿನ ಉಂಟು, ಮುಂಬಯಿಯಲ್ಲಿ ಆ ವಾರದ ಬ್ಯಾಚ್ ಭರ್ತಿಯಾಗಿದೆ. ಉಡುಪಿ, ಕುಂದಾಪುರ, ಸುರತ್ಕಲ್, ಮೂಲ್ಕಿ ಕಡೆಯಿಂದ ಸಮುದ್ರದ ತೈಲ ಬಾವಿಗಳಿಗೆ ಹೋಗುವ ಫಿಟ್ಟರ್, ವೆಲ್ಡರ್, ರಿಗ್ಗರ್, ಇನ್‌ಸ್ಟ್ರುಮೆಂಟ್ ಟೆಕ್ನೀಶಿಯನ್‌ಗಳಲ್ಲಿ ಇದು ತೀರಾ ಸಾಮಾನ್ಯ. ಇದನ್ನು ಬರೀ ಮರೆವು ಎನ್ನುವಂತಿಲ್ಲ. ಆ ಫೈಲಿನಲ್ಲಿ ಏಳೆಂಟು ಬೇರೆ ಬೇರೆ ತಾರೀಕುಗಳಿರುತ್ತವೆ, ಒಂದೊಂದಕ್ಕೂ ಅದರದೇ ನಿಯಮ. ಅವುಗಳಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ನಿಮ್ಮ ನಿಜವಾದ ಎಕ್ಸ್‌ಪೈರಿ. ಉಳಿದವು ಮೂರು ವರ್ಷ ಬಾಕಿ ಇದ್ದರೂ ಹೆಲಿಕಾಪ್ಟರ್ ಹತ್ತಿಸುವುದಿಲ್ಲ.

ಮೊದಲು ಬೋಸಿಯೆಟ್. ತೈಲೋದ್ಯಮದ ತರಬೇತಿಗೆ ಮಾನದಂಡ ಗೊತ್ತುಪಡಿಸುವ ಒಪಿಟೊ ಸಂಸ್ಥೆಯ ಮೂಲ ತರಬೇತಿ ಇದು. ಸುರಕ್ಷತೆಯ ಪರಿಚಯ, ಹೆಲಿಕಾಪ್ಟರಿನಿಂದ ಪಾರಾಗುವುದು, ಸಮುದ್ರದಲ್ಲಿ ಬದುಕುಳಿಯುವುದು ಮತ್ತು ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು ಮತ್ತು ಹೊಗೆಯಿಂದ ಹೊರಬರುವುದು, ಎಲ್ಲ ಸೇರಿ 3 ದಿನ. ಅವಧಿ 4 ವರ್ಷ. ಆ 4 ವರ್ಷ ಮುಗಿಯುವುದರೊಳಗೆ ಫೊಯೆಟ್ ಎಂಬ 1 ದಿನದ ಮರುತರಬೇತಿ ಮಾಡಿಸಿದರೆ ಮತ್ತೆ 4 ವರ್ಷ ಸಿಗುತ್ತದೆ. ಈ "ಮುಗಿಯುವುದರೊಳಗೆ" ಎಂಬಲ್ಲೇ ಹೆಚ್ಚಿನವರು ಸಿಕ್ಕಿಬೀಳುವುದು. ಡ್ರೈವಿಂಗ್ ಲೈಸೆನ್ಸ್‌ಗೆ ಹಿಂದೆ ಇದ್ದಂತೆ ಕಳೆದ ಮೇಲೂ ಕೆಲವು ದಿನ ರಿಯಾಯಿತಿ ಇರುತ್ತದೆ ಎಂದುಕೊಳ್ಳುತ್ತಾರೆ. ಇಲ್ಲ. ಒಂದು ದಿನ ದಾಟಿದರೂ ಫೊಯೆಟ್‌ಗೆ ಸೇರಿಸಿಕೊಳ್ಳುವುದಿಲ್ಲ, ಮೊದಲಿನಿಂದ 3 ದಿನದ ಬೋಸಿಯೆಟ್ಟೇ ಗತಿ. ಹೆಚ್ಚಿನ ಫೀಸು, ಹೆಚ್ಚು ದಿನದ ಲಾಡ್ಜ್ ಬಾಡಿಗೆ, ರಜೆಯೂ ಅಷ್ಟು ಕಡಿಮೆ. ಐದು ತಿಂಗಳು ಬಾಕಿ ಇರುವಾಗಲೇ ಫೊಯೆಟ್ ಮಾಡಿಸುವುದು ದಂಡ ಎಂದು ಲೆಕ್ಕ ಹಾಕುವವರು ಈ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿ ಬರೆದು ನೋಡಬೇಕು.

ಇದರಲ್ಲೇ ಟ್ರಾಪಿಕಲ್ ಎಂಬ ಇನ್ನೊಂದು ಕವಲು. ಗಲ್ಫ್, ಅರಬ್ಬಿ ಸಮುದ್ರದ ತೈಲ ಕ್ಷೇತ್ರವಾದ ಮುಂಬಯಿ ಹೈನಂಥ ಬೆಚ್ಚಗಿನ ನೀರಿನ ಕಡೆಗೆ ಟಿ-ಬೋಸಿಯೆಟ್ ಸಾಕಾಗುತ್ತದೆ. ಅದರ ಮರುತರಬೇತಿ ಟಿ-ಫೊಯೆಟ್. ಬ್ರಿಟನ್ ಬಳಿಯ ನಾರ್ತ್ ಸೀಯಂಥ ತಣ್ಣೀರಿನ ಕಡೆ ಇದು ನಡೆಯುವುದಿಲ್ಲ. ಅಲ್ಲಿ ಹೆಲಿಕಾಪ್ಟರಿನಲ್ಲಿ ಚಳಿ ತಡೆಯುವ ಸೂಟು ಹಾಕಬೇಕು, ಒತ್ತಿದ ಗಾಳಿಯ ಚಿಕ್ಕ ಸಿಲಿಂಡರ್ ಇರುವ ಉಸಿರಾಟದ ಸಾಧನವನ್ನು ಬಳಸಲು ತಿಳಿದಿರಬೇಕು. ಟ್ರಾಪಿಕಲ್ ಕೋರ್ಸಿನಲ್ಲಿ ಇವೆರಡೂ ಇಲ್ಲ. ಪೂರ್ತಿ ಬೋಸಿಯೆಟ್ ಇದ್ದವರು ಸಮೀಪದಲ್ಲಿ ಸಿಕ್ಕಿತು, ಅಗ್ಗವಾಯಿತು ಎಂದು ಟಿ-ಫೊಯೆಟ್ ಮಾಡಿಸಿಕೊಂಡರೆ ಮುಂದೆ ಟ್ರಾಪಿಕಲ್‌ಗೇ ಸೀಮಿತರಾಗುತ್ತಾರೆ. ಕಂಪನಿ ಬದಲಿಸುವ ಯೋಚನೆ ಇರುವವರು ಬುಕ್ ಮಾಡುವ ಮೊದಲು ಈ ಒಂದು ಅಕ್ಷರವನ್ನು ನೋಡಬೇಕು.

ಬೋಸಿಯೆಟ್‌ನ 4 ವರ್ಷವನ್ನು ನೋಡಿ ನಿಶ್ಚಿಂತರಾದವರ ಕಾಲೆಳೆಯುವುದು ಬೇರೆ ಕಾಗದಗಳು. ಬ್ರಿಟನ್ನಿನ ತೈಲೋದ್ಯಮ ಸಂಘದ ಒಇಯುಕೆ ಮೆಡಿಕಲ್‌ಗೆ (ಹಿಂದೆ ಒಜಿಯುಕೆ ಎನ್ನುತ್ತಿದ್ದುದೇ) ಹೆಚ್ಚೆಂದರೆ 2 ವರ್ಷ. ಬಿಪಿ, ಸಕ್ಕರೆ ನೋಡಿ ವೈದ್ಯರು ಅದಕ್ಕಿಂತ ಕಡಿಮೆ ಅವಧಿಗೂ ಕೊಡಬಹುದು. ಅದನ್ನು ಆ ಸಂಘದ ಪಟ್ಟಿಯಲ್ಲಿ ನೋಂದಾಯಿಸಿದ ವೈದ್ಯರೇ ಕೊಡಬೇಕು, ಊರಿನ ಕ್ಲಿನಿಕ್ಕಿನ ಫಿಟ್‌ನೆಸ್ ಚೀಟಿ ಆಗುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ ಬಗೆಗಿನ ಒಪಿಟೊದ ಬೇಸಿಕ್ ಎಚ್‌ಟುಎಸ್ ಕೋರ್ಸಿಗೆ 2 ವರ್ಷ. ಡ್ರಿಲ್ಲಿಂಗ್ ಕಡೆಯವರಿಗೆ ಬಾವಿಯ ಒತ್ತಡವನ್ನು ಹಿಡಿತದಲ್ಲಿಡುವ ಐಡಬ್ಲ್ಯೂಸಿಎಫ್ ವೆಲ್ ಕಂಟ್ರೋಲ್ ಸರ್ಟಿಫಿಕೇಟಿನ 3 ಮತ್ತು 4ನೆಯ ಹಂತಕ್ಕೆ 2 ವರ್ಷ. ಹಗ್ಗದಲ್ಲಿ ನೇತಾಡಿ ಕೆಲಸ ಮಾಡುವ ರೋಪ್ ಆಕ್ಸೆಸ್‌ನವರಿಗೆ ಐರಾಟಾ ಕಾರ್ಡು 3 ವರ್ಷ. ಅದರಲ್ಲೂ ಇನ್ನೊಂದು ಕೊಕ್ಕೆ ಉಂಟು: ಆರು ತಿಂಗಳು ಹಗ್ಗದ ಕೆಲಸವೇ ಮಾಡದೆ ಇದ್ದರೆ, ಕಾರ್ಡಿನಲ್ಲಿ ಅವಧಿ ಬಾಕಿ ಇದ್ದರೂ ಮತ್ತೆ ಹಗ್ಗ ಹತ್ತುವ ಮೊದಲು ರಿಫ್ರೆಶರ್ ಆಗಬೇಕು. ಸ್ಫೋಟಕ ವಾತಾವರಣದಲ್ಲಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗಳ ಕಾಂಪೆಕ್ಸ್ ಸರ್ಟಿಫಿಕೇಟಿಗೆ 5 ವರ್ಷ. ಇವೆಲ್ಲದರ ಮೇಲೆ ಪಾಸ್‌ಪೋರ್ಟ್, ಅದರಲ್ಲಿ ಕನಿಷ್ಠ ಆರು ತಿಂಗಳು ಬಾಕಿ ಇರಲೇಬೇಕು.

ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಮಾರ್ಚ್ 10ಕ್ಕೆ ಕೆಲಸಕ್ಕೆ ಏರುವುದು, 60 ದಿನದ ಹಿಚ್ (ಒಂದು ಸಲದ ಕೆಲಸದ ಅವಧಿ) ಎಂದಿಟ್ಟುಕೊಳ್ಳಿ. ಮೇ 9ಕ್ಕೆ ಇಳಿಯಬೇಕು. ಬದಲಿ ಆಳು ಬರುವುದು ತಡವಾಗುತ್ತದೆ, ಹವೆ ಕೆಟ್ಟು ಹೆಲಿಕಾಪ್ಟರ್ ನಿಲ್ಲುತ್ತದೆ. ಅದಕ್ಕಾಗಿ ಇನ್ನೆರಡು ವಾರ ಸೇರಿಸಿದರೆ ಮೇ 23. ಫೈಲಿನಲ್ಲಿ ಮೇ 23ರೊಳಗೆ ಮುಗಿಯುವ ಕಾಗದ ಯಾವುದಿದ್ದರೂ ಅದನ್ನು ಈ ರಜೆಯಲ್ಲೇ ನವೀಕರಿಸಬೇಕು, ಮುಂದಿನ ರಜೆಗೆ ಬಿಡುವಂತಿಲ್ಲ. ಅನೇಕ ಕಂಪನಿಗಳು ಹತ್ತುವ ದಿನಕ್ಕೆ ಮಾತ್ರವಲ್ಲ, ಇಳಿಯುವ ದಿನದವರೆಗೂ ಎಲ್ಲವೂ ಚಾಲ್ತಿಯಲ್ಲಿರಬೇಕು ಎನ್ನುತ್ತವೆ. 14 ದಿನ ಕೆಲಸ, 14 ದಿನ ರಜೆಯ ಪಾಳಿಯಲ್ಲಿ ಮುಂಬಯಿ ಹೈಗೆ ಹೋಗುವವರಿಗೆ ಇದು ಅಷ್ಟು ಬಿಗಿಯಾಗುವುದಿಲ್ಲ. ಎರಡು ತಿಂಗಳು ದುಡಿದು ಒಂದು ತಿಂಗಳು ಊರಿಗೆ ಬರುವ ಗಲ್ಫಿನ ಗುತ್ತಿಗೆ ನೌಕರರಿಗೆ ಒಂದು ರಜೆ ತಪ್ಪಿದರೆ ಮುಂದಿನ ಅವಕಾಶ ಮೂರು ತಿಂಗಳ ಆಚೆಗೆ.

ಕ್ರಮವೂ ಮುಖ್ಯ. ಮೆಡಿಕಲ್ ಮೊದಲು, ಉಳಿದದ್ದು ಆಮೇಲೆ. ಸಕ್ಕರೆ ಹೆಚ್ಚಿದೆ, ಬಿಪಿ ಇಳಿಯಬೇಕು, ಇನ್ನೊಂದು ಪರೀಕ್ಷೆ ಮಾಡಿಸಿ ಎಂದರೆ ಎರಡು ಮೂರು ವಾರ ಬೇಕಾಗುತ್ತದೆ. ಊರಿಗೆ ಬಂದ ಮೇಲಿನ ಮೀನೂಟ, ಕೋಳಿ ಸುಕ್ಕ, ಪಾರ್ಟಿ ಎಲ್ಲ ಮುಗಿಸಿ ಕೊನೆಯ ವಾರದಲ್ಲಿ ರಕ್ತ ಕೊಡಲು ಹೋಗುವುದಕ್ಕಿಂತ ಇಳಿದ ವಾರದಲ್ಲೇ ಹೋಗುವುದು ಒಳ್ಳೆಯದು. ಹಲ್ಲನ್ನೂ ಆಗಲೇ ತೋರಿಸಿಬಿಡಿ. ಪ್ಲಾಟ್‌ಫಾರ್ಮಿನಲ್ಲಿ ಹಲ್ಲುನೋವು ಬಂದರೆ ಅಲ್ಲಿರುವ ಮೆಡಿಕ್ ಮಾತ್ರೆ ಕೊಡಬಹುದೇ ಹೊರತು ಕೀಳಲಾರರು, ದಡಕ್ಕೆ ಕಳಿಸಬೇಕಾಗುತ್ತದೆ.

ಕೋರ್ಸಿಗೆ ನಮ್ಮ ಕಡೆಯವರು ಹೆಚ್ಚಾಗಿ ಹೋಗುವುದು ಮುಂಬಯಿಗೆ. ಗೋವಾದ ಬೇತೂಲಿನಲ್ಲಿ ಒಎನ್‌ಜಿಸಿಯ ಇಪ್‌ಶೆಮ್ ಸಂಸ್ಥೆ ಉಂಟು, ಅದು 1989ರಿಂದ ತೈಲೋದ್ಯಮದ ಸುರಕ್ಷತಾ ತರಬೇತಿ ನಡೆಸುತ್ತಿದೆ. ಮಡಗಾಂವ್‌ನಲ್ಲಿ ಇಳಿದರೆ ಹತ್ತಿರ. ಆದರೆ ನಿಮ್ಮ ಕಂಪನಿ ಒಪಿಟೊ ಮುದ್ರೆಯೇ ಬೇಕು ಎನ್ನುತ್ತದೆಯೋ, ಬೇರೆಯದಾದರೂ ನಡೆಯುತ್ತದೆಯೋ ಎಂದು ಬರಹದಲ್ಲಿ ಕೇಳಿಕೊಂಡೇ ಹಣ ಕಟ್ಟಿ. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೇ ಬೇರೆ, ಗುಡ್ಡ ಜರಿದರೆ ಅದೂ ಇಲ್ಲ. ಮತ್ಸ್ಯಗಂಧ ರೈಲಿನಲ್ಲಿ ಬೆಳಗ್ಗೆ ಇಳಿದು ಎಂಟು ಗಂಟೆಯ ತರಗತಿಗೆ ಓಡುವ ಪ್ಲಾನು ಜೂನ್‌ನಿಂದ ಅಕ್ಟೋಬರ್‌ವರೆಗೆ ಬೇಡ. ಒಂದು ದಿನ ಮೊದಲೇ ತಲುಪಿ ನಿದ್ದೆ ಮಾಡಿ. ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದವರು ಕೊಳದಲ್ಲಿ ತಲೆಕೆಳಗಾದಾಗ ಕಷ್ಟಪಡುತ್ತಾರೆ.

ಆ ತಲೆಕೆಳಗಾಗುವ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲರೂ ಹೆದರುವುದು ಹುಯೆಟ್‌ಗೆ, ಅಂದರೆ ನೀರಿಗೆ ಬಿದ್ದ ಹೆಲಿಕಾಪ್ಟರಿನಿಂದ ಪಾರಾಗುವ ಅಭ್ಯಾಸಕ್ಕೆ. ಎಂಜಿನ್, ಗೇರ್‌ಬಾಕ್ಸ್, ರೋಟರ್ ಎಲ್ಲ ಹೆಲಿಕಾಪ್ಟರಿನ ನೆತ್ತಿಯ ಮೇಲಿರುವುದರಿಂದ ನೀರಿಗಿಳಿದ ಯಂತ್ರ ಮಗುಚಿಕೊಳ್ಳುವ ಸಂಭವ ಹೆಚ್ಚು. ಬದಿಗಳಲ್ಲಿ ಬಲೂನಿನಂತೆ ಉಬ್ಬುವ ಫ್ಲೋಟುಗಳಿದ್ದರೂ ಅಲೆ ಜೋರಿದ್ದರೆ ಮಗುಚಬಹುದು. ಕೊಳದಲ್ಲಿ ಇದಕ್ಕಾಗಿ ಹೆಲಿಕಾಪ್ಟರಿನ ಒಡಲಿನಂಥ ಒಂದು ಪೆಟ್ಟಿಗೆಯನ್ನು ಕ್ರೇನಿನಿಂದ ಇಳಿಸಿ, ನಾಲ್ಕು ಪಟ್ಟಿಯ ಬೆಲ್ಟ್ ಕಟ್ಟಿ ಕೂತವರ ಸಮೇತ ತಿರುಗಿಸುತ್ತಾರೆ.

ಮಾಡಬೇಕಾದ ಕೆಲಸ ಕೆಲವೇ, ಆದರೆ ಅವು ಅದೇ ಕ್ರಮದಲ್ಲಿ ಆಗಬೇಕು. ಕೂತ ಕೂಡಲೇ ನಿಮ್ಮ ಕಿಟಕಿ ಯಾವುದು, ಕೈ ಎಷ್ಟು ಚಾಚಿದರೆ ಅದರ ಚೌಕಟ್ಟು ಸಿಗುತ್ತದೆ ಎಂದು ಮುಟ್ಟಿ ನೋಡಿಕೊಳ್ಳಬೇಕು. ಬ್ರೇಸ್ ಎಂದಾಗ ಬಾಗಿ ಬಿಗಿಹಿಡಿಯಬೇಕು. ನೀರು ಎದೆಗೆ ಬರುವ ಮೊದಲು ಉಸಿರು ಎಳೆದುಕೊಂಡು, ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲೆ, ಇನ್ನೊಂದು ಕೈ ಬೆಲ್ಟಿನ ಬಕಲ್ ಮೇಲೆ ಇಡಬೇಕು. ತಿರುಗುವುದು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಕಿಟಕಿಯನ್ನು ಹೊರಕ್ಕೆ ದೂಡಿ, ಚೌಕಟ್ಟನ್ನು ಬಿಡದೆ ಹಿಡಿದುಕೊಂಡು, ಬಕಲ್ ಬಿಚ್ಚಿ, ಆ ಕೈಯ ಬಲದಲ್ಲೇ ಮೈಯನ್ನು ಹೊರಗೆಳೆದುಕೊಳ್ಳಬೇಕು. ಲೈಫ್‌ಜಾಕೆಟ್ ಊದುವುದು ಹೊರಗೆ ಬಂದ ಮೇಲೆಯೇ. ಒಳಗೆ ಊದಿಕೊಂಡವರು ಮೇಲ್ಭಾಗಕ್ಕೆ ಅಂಟಿಕೊಂಡುಬಿಡುತ್ತಾರೆ, ಕಿಟಕಿಯ ಮಟ್ಟಕ್ಕೆ ಇಳಿದು ಹೊರಬರಲಾಗುವುದಿಲ್ಲ.

ಇಲ್ಲಿ ಎಡವುವವರಲ್ಲಿ ಈಜು ಬಲ್ಲವರೂ ಕಡಿಮೆ ಇಲ್ಲ. ಹೊಳೆಯಲ್ಲಿ ಮುಳುಗಿ ಮರುವಾಯಿ ಚಿಪ್ಪು ಹೆಕ್ಕಿದವರಿಗೆ ನೀರಿನ ಭಯ ಇರುವುದಿಲ್ಲ, ಅದೇ ತೊಂದರೆ. ಅವರಿಗೆ ಮೈ ಹಗುರಾದೊಡನೆ ಮೇಲಕ್ಕೆ ಒದೆಯುವ ಅಭ್ಯಾಸ. ಮಗುಚಿದ ಪೆಟ್ಟಿಗೆಯೊಳಗೆ ಮೇಲು ಯಾವುದು, ಎಡ ಯಾವುದು ಎಂದು ಕಣ್ಣಿಗೂ ಗೊತ್ತಾಗುವುದಿಲ್ಲ, ಕಿವಿಯೊಳಗಿನ ಸಮತೋಲನಕ್ಕೂ ಗೊತ್ತಾಗುವುದಿಲ್ಲ. ಗೊತ್ತಿರುವುದು ಚೌಕಟ್ಟು ಹಿಡಿದ ಕೈಗೆ ಮಾತ್ರ. ಮೊದಲು ಬೆಲ್ಟ್ ಬಿಚ್ಚಿ ಆಮೇಲೆ ಕಿಟಕಿ ಹುಡುಕಲು ಹೊರಟವರು, ಈಗ ಮೇಲೆ ಬಂದಿರುವ ನೆಲಕ್ಕೆ ತೇಲಿ ಹೋಗಿ ತಡಕಾಡುತ್ತಾರೆ. ಬೆಲ್ಟ್ ಇರುವಷ್ಟು ಹೊತ್ತು ಕಿಟಕಿ ದೂಡಲು ಮೈಗೊಂದು ಆಧಾರ ಇರುತ್ತದೆ, ಬಿಚ್ಚಿದ ಮೇಲೆ ದೂಡಿದರೆ ನೀವೇ ಹಿಂದಕ್ಕೆ ಹೋಗುತ್ತೀರಿ. ಇನ್ನೊಂದು ತಪ್ಪು ಬಕಲ್‌ನದು. ಕಾರಿನ ಬೆಲ್ಟ್ ಗುಂಡಿ ಒತ್ತಿದರೆ ಬಿಚ್ಚುತ್ತದೆ, ಇಲ್ಲಿಯದು ಸಾಮಾನ್ಯವಾಗಿ ತಿರುಗಿಸುವ ಬಕಲ್. ಗಾಬರಿಯಲ್ಲಿ ಕೈ ಒತ್ತುತ್ತಲೇ ಇರುತ್ತದೆ. ಅದಕ್ಕೇ ಕೊಳದ ಹೊರಗೆ, ಒಣ ನೆಲದ ಮೇಲೆ ಕಣ್ಣು ಮುಚ್ಚಿ ಹತ್ತಾರು ಸಲ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿಕೊಳ್ಳುವುದು ಲಾಭ. ತಲೆಕೆಳಗಾದಾಗ ಮೂಗಿಗೆ ನೀರು ಸರ್ರನೆ ಏರುತ್ತದೆ, ಮೂಗಿನಿಂದ ಸಣ್ಣಗೆ ಗಾಳಿ ಬಿಡುತ್ತಿದ್ದರೆ ಆ ಉರಿ ತಪ್ಪುತ್ತದೆ. ಹೊರಗೆ ಬರುವಾಗ ಕಾಲು ಬಡಿಯಬೇಡಿ, ಹಿಂದಿನ ಸೀಟಿನವನ ಮುಖ ಅಲ್ಲೇ ಇರುತ್ತದೆ.

ಒತ್ತಿದ ಗಾಳಿಯ ಸಿಲಿಂಡರ್ ಬಳಸುವ ಕೋರ್ಸಿನಲ್ಲಿ ಒಂದು ಹೆಚ್ಚಿನ ಎಚ್ಚರ. ನೀರಿನಡಿಯಲ್ಲಿ ಆ ಗಾಳಿ ಎಳೆದು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶದ ಗಾಳಿ ಹಿಗ್ಗಿ ಗಾಯವಾಗಬಹುದು, ಆಳ ಕಡಿಮೆ ಇದ್ದರೂ ಸರಿ. ಮೇಲೇರುತ್ತ ಉಸಿರು ಬಿಡುತ್ತಲೇ ಇರಬೇಕು. ಅಸ್ತಮಾ, ಹಳೆಯ ಶ್ವಾಸಕೋಶದ ಕಾಯಿಲೆ ಇದ್ದವರು ಫಾರ್ಮಿನಲ್ಲಿ ಮುಚ್ಚಿಡಬಾರದು ಎನ್ನುವುದು ಇದಕ್ಕೇ. ಶೀತ ಕಟ್ಟಿ ಕಿವಿ ಮುಚ್ಚಿದ್ದರೆ ಬ್ಯಾಚ್ ಮುಂದೂಡಿಸಿ. ಬಿಪಿ ಮಾತ್ರೆಯನ್ನು ಆ ದಿನವೂ ತಪ್ಪಿಸಬೇಡಿ, ಬೆಳಗ್ಗೆ ಹೊಟ್ಟೆ ತುಂಬ ತಿನ್ನಬೇಡಿ. ಈಜು ಬಾರದಿದ್ದರೆ ಸಂಕೋಚಪಡದೆ ತರಬೇತುದಾರರಿಗೆ ಮೊದಲೇ ಹೇಳಿ, ಈಜು ಬರಲೇಬೇಕೆಂಬ ಷರತ್ತು ಇಲ್ಲ.

ಇಷ್ಟು ಕಷ್ಟ ಏಕೆ ಎಂದು ಕೇಳುವವರು ಹಳೆಯ ದುರಂತಗಳನ್ನು ನೋಡಬೇಕು. 1988ರ ಜುಲೈ 6ರಂದು ನಾರ್ತ್ ಸೀಯ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮಿಗೆ ಬೆಂಕಿ ಬಿದ್ದು 167 ಮಂದಿ ಸತ್ತರು. ವಸತಿ ಭಾಗದಲ್ಲಿ ಆದೇಶಕ್ಕಾಗಿ, ಹೆಲಿಕಾಪ್ಟರಿಗಾಗಿ ಕಾದವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹೊಗೆ. ನಮ್ಮ ಮುಂಬಯಿ ಹೈ ನಾರ್ತ್‌ನಲ್ಲಿ 2005ರ ಜುಲೈ 27ರಂದು, ಗಾಯಗೊಂಡ ಅಡುಗೆಯವನನ್ನು ದಾಟಿಸಲು ಪಕ್ಕಕ್ಕೆ ಬಂದ ಸಮುದ್ರ ಸುರಕ್ಷಾ ಹಡಗು ಅನಿಲ ಏರುವ ರೈಸರ್ ಕೊಳವೆಗೆ ಬಡಿದು ಬೆಂಕಿ ಹೊತ್ತಿತು. ಸುಮಾರು ಎರಡು ತಾಸಿನಲ್ಲಿ ಪ್ಲಾಟ್‌ಫಾರ್ಮ್ ಕುಸಿಯಿತು, 22 ಮಂದಿ ಸತ್ತರು. ಎಂಟು ಲೈಫ್‌ಬೋಟುಗಳಲ್ಲಿ ಇಳಿಸಲು ಆದದ್ದು ಎರಡನ್ನು. ಮುಂಬಯಿ ಮಹಾಮಳೆಯ ಮರುದಿನ ಅದು, ಹೆಲಿಕಾಪ್ಟರುಗಳಿಗೆ ಹಾರಲು ಹವೆ ಇರಲಿಲ್ಲ. 2013ರ ಆಗಸ್ಟ್ 23ರಂದು ಶೆಟ್ಲಂಡ್‌ನ ಸಂಬರ್ಗ್ ಬಳಿ ಸೂಪರ್ ಪ್ಯೂಮಾ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು ಮಗುಚಿ ನಾಲ್ವರು ಸತ್ತ ಮೇಲೆ ಬ್ರಿಟನ್ನಿನ ನಿಯಮಗಳು ಬಿಗಿಯಾದವು. ಹೊಸ ಉಸಿರಾಟದ ಸಾಧನ ಬಂದದ್ದು ಆಮೇಲೆ. 2015ರಿಂದ ಅಲ್ಲಿ ಭುಜದ ಅಗಲವನ್ನೂ ಅಳೆಯುತ್ತಾರೆ. 22 ಇಂಚು ಮತ್ತು ಅದಕ್ಕಿಂತ ಹೆಚ್ಚಿದ್ದರೆ ದೊಡ್ಡ ಕಿಟಕಿಯ ಪಕ್ಕದ ಸೀಟು. 2022ರ ಜೂನ್ 28ರಂದು ಮುಂಬಯಿ ಹೈಯ ಸಾಗರ್ ಕಿರಣ್ ರಿಗ್ ಹತ್ತಿರ 9 ಮಂದಿ ಇದ್ದ ಹೆಲಿಕಾಪ್ಟರ್ ನೀರಿಗಿಳಿಯಿತು, ನಾಲ್ವರು ಉಳಿಯಲಿಲ್ಲ. ಜೂನ್ ಕೊನೆಯ ಅರಬ್ಬಿ ಸಮುದ್ರ ಹೇಗಿರುತ್ತದೆ ಎಂದು ಮಲ್ಪೆಯವರಿಗೆ ಹೇಳಬೇಕಾಗಿಲ್ಲ.

ಇವನ್ನೆಲ್ಲ ತಿಳಿದರೆ ಬೆಂಕಿ ಮತ್ತು ಲೈಫ್‌ಬೋಟಿನ ಪಾಠಗಳನ್ನು ಹುಯೆಟ್ ಮುಗಿಸಿದ ಸುಸ್ತಿನಲ್ಲಿ ತೂಕಡಿಸುತ್ತ ಕೇಳುವುದು ತಪ್ಪುತ್ತದೆ. ಹೊಗೆಯೊಳಗೆ ಸೋಸುವ ಹುಡ್ ತಲೆಗೆ ಹಾಕಿದರೆ ಅದು ವಿಷವನ್ನು ಸೋಸುತ್ತದೆ, ಆಮ್ಲಜನಕವನ್ನು ಹುಟ್ಟಿಸುವುದಿಲ್ಲ. ಮುಚ್ಚಿದ ಟ್ಯಾಂಕಿಗೆ ಅದನ್ನು ಹಾಕಿಕೊಂಡು ಇಳಿಯುವಂತಿಲ್ಲ. ಕತ್ತಲಲ್ಲಿ ಗೋಡೆ ತಡವುವಾಗ ಅಂಗೈಯಲ್ಲ, ಹಿಂಗೈ ಮುಂದಿರಬೇಕು: ಕರೆಂಟು ಹರಿಯುತ್ತಿರುವ ತಂತಿಗೆ ತಗುಲಿದರೆ ಅಂಗೈ ಅದನ್ನೇ ಬಿಗಿಯಾಗಿ ಹಿಡಿದುಬಿಡುತ್ತದೆ. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರಿನಿಂದ ಬೆಂಕಿ ಆರಿಸುವಾಗ ಅದರ ಕೊಂಬನ್ನು ಬರಿಗೈಯಲ್ಲಿ ಹಿಡಿದರೆ ಚಳಿಗೆ ಚರ್ಮ ಸುಡುತ್ತದೆ. ಸುತ್ತ ಮುಚ್ಚಿದ, ಬೆಂಕಿ ತಡೆಯುವ ಲೈಫ್‌ಬೋಟಿಗೆ ಅಂತರರಾಷ್ಟ್ರೀಯ ನಿಯಮದಂತೆ ಒಳಗಿನ ಗಾಳಿ ಕನಿಷ್ಠ 10 ನಿಮಿಷ, ಬೆಂಕಿ ತಡೆ ಕನಿಷ್ಠ 8 ನಿಮಿಷ ಇರಬೇಕು. ಉರಿಯುವ ನೀರಿನಿಂದ ದೂರ ಹೋಗಲು ಸಿಗುವ ಹೊತ್ತು ಅಷ್ಟೇ. ಬೆಲ್ಟ್ ಹೇಗೆ ಕಟ್ಟುವುದು ಎಂದು ಆಗ ಕೇಳುತ್ತ ಕೂರಲಾಗದು.

ಎಚ್‌ಟುಎಸ್‌ನ 2 ವರ್ಷದ ಅವಧಿಯನ್ನು ಕಿರಿಕಿರಿ ಎಂದುಕೊಳ್ಳುವವರೂ ಇದ್ದಾರೆ. ಈ ಅನಿಲ ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಪ್ರಮಾಣ ಹೆಚ್ಚಾದಂತೆ ಮೂಗೇ ಸತ್ತುಹೋಗಿ ವಾಸನೆ ನಿಲ್ಲುತ್ತದೆ. ವಾಸನೆ ಹೋಯಿತು, ಅನಿಲವೂ ಹೋಯಿತು ಎಂದುಕೊಂಡವರೇ ಬೀಳುವುದು. 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು, ತಕ್ಷಣದ ಜೀವಾಪಾಯದ ಮಟ್ಟ. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಅಲಾರಂ ಕೂಗಿದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ವಿಂಡ್‌ಸಾಕ್ ನೋಡಿ, ಅಡ್ಡವಾಗಿ ಸರಿದು, ಗಾಳಿ ಬರುವ ದಿಕ್ಕಿಗೆ, ಎತ್ತರಕ್ಕೆ ಹೋಗಬೇಕು. ಬಿದ್ದವನನ್ನು ಎತ್ತಲು ಉಸಿರಾಟದ ಉಪಕರಣ ಇಲ್ಲದೆ ಓಡಿದರೆ ಬಿದ್ದವರು ಇಬ್ಬರಾಗುತ್ತಾರೆ.

ಪಣಂಬೂರು ಕಡೆಯ ಹಡಗಿನವರಿಗೂ ಒಂದು ಮಾತು. ಹಡಗು ನೌಕರರ ಅಂತರರಾಷ್ಟ್ರೀಯ ತರಬೇತಿ ನಿಯಮವಾದ ಎಸ್‌ಟಿಸಿಡಬ್ಲ್ಯೂ ಪ್ರಕಾರದ ಬೇಸಿಕ್ ಸೇಫ್ಟಿ ಇದ್ದರೆ ಬೋಸಿಯೆಟ್ ಬೇಡ ಎಂಬ ನಂಬಿಕೆ ಅನೇಕರಲ್ಲಿದೆ. ಎರಡೂ ಬೇರೆ. ಹಡಗಿನ ಸಿಬ್ಬಂದಿಗೆ ಕೇಂದ್ರ ಸರಕಾರದ ಡಿಜಿ ಶಿಪ್ಪಿಂಗ್ ನಿಯಮದ ಎಸ್‌ಟಿಸಿಡಬ್ಲ್ಯೂ ಬೇಕು, ಅದರಲ್ಲಿ ಸಮುದ್ರ ಬದುಕುಳಿಕೆ ಮತ್ತು ಅಗ್ನಿಶಮನದ ಭಾಗಗಳನ್ನು 5 ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಹುಯೆಟ್ ಅದರ ಭಾಗವಲ್ಲ. ಸಪ್ಲೈ ಬೋಟಿನಲ್ಲಿ ಕೆಲಸ, ಆದರೆ ಸಿಬ್ಬಂದಿ ಬದಲಾವಣೆ ಹೆಲಿಕಾಪ್ಟರಿನಲ್ಲಿ ಎಂದಾದರೆ ಎರಡೂ ಕೇಳುತ್ತಾರೆ.

ಇನ್ನು ಖೋಟಾ ಕಾಗದ. ನೀರಿಗಿಳಿಯದೆ, ಒಂದೇ ದಿನದಲ್ಲಿ ಬೋಸಿಯೆಟ್ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರು ಎಲ್ಲ ಕಾಲದಲ್ಲೂ ಇದ್ದಾರೆ. ಥಿಯರಿಯ ಭಾಗವನ್ನು ಆನ್‌ಲೈನಿನಲ್ಲಿ ಓದಿ ಮುಗಿಸುವ ಅಧಿಕೃತ ಕೋರ್ಸುಗಳಿವೆ, ನಿಜ. ಅವುಗಳಲ್ಲೂ ಕೊಳದ, ಬೆಂಕಿಯ ಭಾಗಕ್ಕೆ ಕೇಂದ್ರಕ್ಕೆ ಹೋಗಲೇಬೇಕು. ಒಪಿಟೊ ಸರ್ಟಿಫಿಕೇಟಿಗೆ ಅದರದೇ ಸಂಖ್ಯೆ ಇರುತ್ತದೆ, ಕಂಪನಿಯವರು ಅದನ್ನು ಕೇಂದ್ರ ದಾಖಲೆಯಲ್ಲಿ ತಾಳೆ ನೋಡುತ್ತಾರೆ. ಅಲ್ಲಿ ಸಿಗದ ಹೆಸರಿನವರು ಆ ಕೆಲಸದ ಜತೆಗೆ ಮುಂದಿನ ಕೆಲಸಗಳನ್ನೂ ಕಳೆದುಕೊಳ್ಳುತ್ತಾರೆ.

ಅಸಲಿ ಕಾಗದವೇ ಚೆಕ್‌ಇನ್ ಮೇಜಿನಲ್ಲಿ ನಿಂತುಬಿಡುವುದೂ ಉಂಟು, ಹೆಸರಿನ ದೆಸೆಯಿಂದ. ನಮ್ಮಲ್ಲಿ ಶಾಲೆಯ ದಾಖಲೆಯಲ್ಲಿ ಮುಂದೆ ಒಂದು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿದ ತಂದೆಯ ಹೆಸರು, ಆಧಾರ್‌ನಲ್ಲಿ ಕೊನೆಗೆ ಶೆಟ್ಟಿ, ಪೂಜಾರಿ, ಬಂಗೇರ. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ತರಬೇತಿ ಕೇಂದ್ರದ ಹುಡುಗ ಆಧಾರ್ ನೋಡಿ ಟೈಪ್ ಮಾಡಿದರೆ ಸರ್ಟಿಫಿಕೇಟು ಒಂದು ಹೆಸರಿಗೆ, ಟಿಕೆಟು ಇನ್ನೊಂದಕ್ಕೆ. ನೋಂದಣಿಗೆ ಪಾಸ್‌ಪೋರ್ಟನ್ನೇ ಕೊಡಿ. ಕೋರ್ಸಿನ ಕೊನೆಯ ದಿನ ಹೊರಡುವ ಮೊದಲು ಹೆಸರು, ಹುಟ್ಟಿದ ತಾರೀಕು, ಕೋರ್ಸಿನ ಹೆಸರಿನ ಮುಂದೆ ಟಿ ಇದೆಯೋ ಇಲ್ಲವೋ, ಮುಗಿಯುವ ತಾರೀಕು, ಈ ನಾಲ್ಕನ್ನು ಅಲ್ಲೇ ನಿಂತು ಓದಿ. ತಪ್ಪಿದ್ದರೆ ಕೌಂಟರಿನಲ್ಲಿ ಅರ್ಧ ಗಂಟೆಯಲ್ಲಿ ಸರಿಯಾಗುತ್ತದೆ, ಊರಿಗೆ ಬಂದು ಮೇಲ್ ಬರೆಯುತ್ತ ಕೂತರೆ ಉಳಿದ ರಜೆ ಅದರಲ್ಲೇ ಹೋಗುತ್ತದೆ.